ನಾಲ್ಕು ಸೂತದ ಪ್ಲೇಟು

1972ರಲ್ಲಿ ನಾನು ಮುಂಬಯಿಯ ಬಾಂದ್ರಾದ ಒಂದು ಮೋಟಾರ್ ಗ್ಯಾರೇಜಿನಲ್ಲಿ ಡ್ರಾಫ್ಟ್ಸ್‌ವುಮನ್ ಆಗಿದ್ದೆ. ಕಾರಿನ ಭಾಗಗಳನ್ನು ಅಳೆದು, ಡ್ರಾಯಿಂಗ್ ಬರೆದು, ವರ್ಕ್‌ಷಾಪಿಗೆ ಕೊಡುವುದು ನನ್ನ ಕೆಲಸ. ಧಾರವಾಡದ ಕಾನ್ವೆಂಟಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದ ಸಿಸ್ಟರ್‌ಗಳು, ಪೂರ್ ಡಿಯರ್ಸ್, ನಾನು ಜನ್ಮವೆಲ್ಲ ಲಿಲಿ ಹೂಗಳನ್ನೇ ಬರೆಯುತ್ತೇನೆಂದು ನಂಬಿದ್ದರು. ನಾನು ಬರೆದದ್ದೆಲ್ಲ ಕ್ಲಚ್, ಗಿಯರ್, ಬೇರಿಂಗು.

ಆ ವರ್ಷದ ನವೆಂಬರಿನಲ್ಲಿ ಕ್ಲಾರಾಬಾಯಿಯ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮಂಗಳೂರಿನ ಕಡೆಯ ಕ್ಲಾರಾಬಾಯಿ ಮಿಡ್‌ವೈಫ್. ಬೊರಿವಲಿಯ ಆಚೆ, ಪವಾಯಿ ಕೆರೆಯ ಹಿಂದೆ, ಬಸ್ಸು ಮುಟ್ಟದ ಕಡೆಗೆಲ್ಲ ತಮ್ಮ 1951ರ ಮಾರಿಸ್ ಮೈನರ್ ಓಡಿಸಿಕೊಂಡು ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಈಗ ಆ ಗುಂಡು ಗುಂಡನೆಯ ಪುಟ್ಟ ಕಾರಿನ ಇಂಜಿನ್ ಬ್ಲಾಕ್ ಸೀಳಿ ಹೋಗಿತ್ತು. ಬೇರೆ ಬ್ಲಾಕ್ ವಿಲಾಯತಿಯಿಂದ ಬರಬೇಕು, ಇಂಪೋರ್ಟ್ ಬಂದ್. ಹೊಸ ಕಾರಿಗೋ, ವರ್ಷಗಟ್ಟಲೆ ಕ್ಯೂ.

"ಕಾರಿಲ್ಲದೆ ನಾನು ಎಂತ ಮಾಡುವುದು ಮಾರಾಯ್ತಿ?" ಎಂದು ನನ್ನ ಟೇಬಲ್ಲಿನ ಮುಂದೆ ಕೂತರು. "ಹೆರಿಗೆ ನೋವು ಲೋಕಲ್ ಟ್ರೇನಿನ ಟೈಮ್ ನೋಡಿ ಬರ್ತದಾ? ನಡೆದು ಹೋಗಿ ಮುಟ್ಟುವಷ್ಟರಲ್ಲಿ ಆ ಹುಡುಗಿಯರ ಗತಿ?"

ಗ್ಯಾರೇಜಿನ ಹಿಂದೆ ಆಕ್ಸಿಡೆಂಟಿನಲ್ಲಿ ಜಜ್ಜಿಹೋದ ಒಂದು ಟ್ಯಾಕ್ಸಿ ಬಿದ್ದಿತ್ತು. ಮೈ ಹಾಳಾಗಿತ್ತು, ಇಂಜಿನ್ ಗಟ್ಟಿಯಿತ್ತು. ಇಟಾಲಿಯನ್ ಡಿಸೈನು, 1089 ಸಿಸಿ, ಹೊಸ ಕಾಲದ್ದು. ಮಾರಿಸ್ಸಿನದು 918 ಸಿಸಿ, ಮುದುಕಿ. ಟ್ಯಾಕ್ಸಿಯದನ್ನು ತೆಗೆದು ಮಾರಿಸ್ಸಿಗೆ ಕೂರಿಸೋಣವೇ ಎಂದು ನಾನು ಕೇಳಿದಾಗ ಮಾಲೀಕರಾದ ದಾರಾ ಸೇಠ್ ಚಹಾದ ಸಾಸರ್ ಕೆಳಗಿಟ್ಟು ನಕ್ಕರು. "ಶನಿವಾರ್ ತಕ್, ಬೇಬಿ. ನಹೀಂ ತೋ ಕುರ್ಲಾ ಕಾ ಭಂಗಾರ್‌ವಾಲಾ ಲೇ ಜಾಯೇಗಾ." ಶನಿವಾರದೊಳಗೆ ಓಡದಿದ್ದರೆ ಕಾರು ಗುಜರಿಗೆ. ಜಾಗ ಅವರದು, ಮಾತು ಅವರದೇ.

ಇಂಗ್ಲಿಷ್ ಗಿಯರ್‌ಬಾಕ್ಸಿಗೆ ಇಟಾಲಿಯನ್ ಇಂಜಿನ್ ಹಾಗೇ ಕೂರುವುದಿಲ್ಲ. ಎರಡರ ತೂತುಗಳೂ ಬೇರೆ ಬೇರೆ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಮದುವೆಯ ದಲ್ಲಾಳಿಯ ಹಾಗೆ ಒಂದು ಕೈಯಲ್ಲಿ ಹೆಣ್ಣಿನ ಕಡೆ, ಇನ್ನೊಂದರಲ್ಲಿ ಗಂಡಿನ ಕಡೆ ಹಿಡಿದುಕೊಳ್ಳುವ ದಪ್ಪ ಉಕ್ಕಿನ ತಟ್ಟೆ. ಗಿಯರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಮೂತಿ ಇಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕಿನೊಳಗಿನ ಕುಳಿಯಲ್ಲಿ ತಳ ಮುಟ್ಟದಂತೆ ಕೂರಬೇಕು. ಲೆಕ್ಕ ಹಾಕಿ ಪ್ಲೇಟಿನ ದಪ್ಪ 12.7 ಮಿಲಿಮೀಟರ್ ಎಂದು ಬರೆದೆ. ಲೇತ್ ನಡೆಸುವ ನಮ್ಮ ಟರ್ನರ್, ಗೋಕಾಕದ ಬಸಪ್ಪ, ಬಜಾರಿನಿಂದ ತಗಡು ತಂದು ಕೊರೆದರು. ತೂತುಗಳು ನನ್ನ ಡ್ರಾಯಿಂಗಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬ್ಯೂಟಿಫುಲ್ ಜಾಬ್!

ಶನಿವಾರ ಬೆಳಿಗ್ಗೆ ಇಂಜಿನ್ ಇಳಿಸಿ ಬೋಲ್ಟ್ ಬಿಗಿದೆವು. ಮುಂದಿನ ಪುಲ್ಲಿ ಚಕ್ರಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇಂಜಿನ್ ಕದಲಲಿಲ್ಲ. ಬಸಪ್ಪ ಇಡೀ ಮೈಭಾರ ಹಾಕಿದರು. ಊಹ್ಞೂಂ.

"ಮರ್ ಗಯಾ ಸಾಲಾ," ಎಂದು ದಾರಾ ಸೇಠ್ ಗುಜರಿಯವನನ್ನು ಕರೆಯಲು ಟೆಲಿಫೋನಿನ ಕಡೆ ನಡೆದರು. ಕ್ಲಾರಾಬಾಯಿ ರೋಸರಿಯ ಮಣಿ ಹಿಡಿದವರು ಎಣಿಸುವುದನ್ನೇ ನಿಲ್ಲಿಸಿದರು.

ನಿನ್ನೆ ಬೆಂಚಿನ ಮೇಲೆ ಕೈಯಲ್ಲೇ ತಿರುಗಿದ ಇಂಜಿನ್ ಇವತ್ತು ಸಾಯುವುದೆಂದರೇನು? "ಬಸಪ್ಪಾರ, ಬೋಲ್ಟ್ ಸ್ವಲ್ಪ ಸಡ್ಲ ಮಾಡ್ರಿ," ಎಂದೆ. ಸಡಿಲ ಮಾಡಿದರು. ಸ್ಪ್ಯಾನರ್ ಸರಾಗವಾಗಿ ತಿರುಗಿತು! ಮತ್ತೆ ಬಿಗಿದರು. ಜಾಮ್. ಅಂದರೆ ಶಾಫ್ಟಿನ ಮೂತಿ ಕುಳಿಯ ತಳಕ್ಕೆ ಒತ್ತುತ್ತಿದೆ.

"ಪ್ಲೇಟಿನ ದಪ್ಪ ಎಷ್ಟು ಇಟ್ರಿ?"

"ನೀವ್ ಬರ್ದಷ್ಟ ರೀ ಬಾಯಾರ. ನಾಕ್ ಸೂತ."

"ನಾನು ಹನ್ನೆರಡು ಪಾಯಿಂಟ್ ಏಳು ಬರೆದಿದ್ದೆ."

"ಅದ ಅಲ್ರಿ, ಅರ್ಧ ಇಂಚು? ಅರ್ಧ ಇಂಚಂದ್ರ ನಾಕ್ ಸೂತ. ನಾಕ್ ಮೂರ್ಲೆ ಹನ್ನೆರ್ಡು!"

ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮುಂಬಯಿಯ ಮೇಸ್ತ್ರಿಗಳೆಲ್ಲರ ಅಳತೆ ಅದೇ. ಅದು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಆದರೆ ಮೆಟ್ರಿಕ್ ಬಂದ ಮೇಲೆ ಬಜಾರು ಆ 'ತುಸು'ವನ್ನು ನುಂಗಿ, ಸೂತಕ್ಕೆ ಮೂರೇ ಎಂದು ಮಗ್ಗಿ ಹಾಕಿಬಿಟ್ಟಿತ್ತು. ನಾಲ್ಕು ಸೂತ ಕೇಳಿದರೆ ಅಂಗಡಿಯವನು ಕೊಡುವುದು 12 ಮಿಲಿಮೀಟರಿನ ತಗಡು. ಪ್ಲೇಟಿನ ಅಂಚಿಗೆ ವರ್ನಿಯರ್ ಹಿಡಿದು ಅಳೆದೆ. ಸರಿಯಾಗಿ ಹನ್ನೆರಡು. ಪ್ಲೇಟು ತೆಳುವಾದಷ್ಟು ಶಾಫ್ಟು ಒಳಕ್ಕೆ. ಕಳೆದುಹೋದ ಆ ಪಾಯಿಂಟ್ ಏಳು ಕಾರನ್ನೇ ಕೊಲ್ಲುತ್ತಿತ್ತು.

"ಸೇಠ್! ಫೋನ್ ಇಡಿ!" ಎಂದು ಕಿರುಚಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು.

ಹೊಸ ಪ್ಲೇಟಿಗೆ ಸಮಯವಿರಲಿಲ್ಲ. ನಡುವೆ ತೆಳು ತಗಡಿನ ಪದರ ಸಾಕು. ಬಸಪ್ಪ ಸುತ್ತ ನೋಡಿ, ಗೋಡೆಯ ಮೇಲಿನ 'ಬೀಡಿ ಸೇದಬಾರದು' ಎಂಬ ತಗಡಿನ ಬೋರ್ಡನ್ನು ಕಿತ್ತು ನನ್ನ ಮುಂದೆ ಹಿಡಿದರು. ಅಳೆದೆ. ಒಂದು ಮಿಲಿಮೀಟರ್. ಶಾಫ್ಟಿಗೆ ಉಸಿರಾಡಲೂ ಚೂರು ಜಾಗ.

"ಅರೇ, ಮೇರಾ ಬೋರ್ಡ್!"

"ಬೀಡಿ ಸೇದೂದಿಲ್ರಿ ಸೇಠ್ಜಿ, ಇಂಜಿನ್ ಆಣೆ," ಎಂದರು ಬಸಪ್ಪ, ಕತ್ತರಿ ಆಡಿಸುತ್ತಲೇ.

ಮಧ್ಯಾಹ್ನದ ಹೊತ್ತಿಗೆ ಬೋಲ್ಟ್ ಬಿಗಿದಾಯಿತು. ಸ್ಪ್ಯಾನರ್ ತಿರುಗಿತು. ಕ್ಲಾರಾಬಾಯಿ ಸ್ಟಾರ್ಟರ್ ಎಳೆದರು. ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಹತ್ತಿಕೊಂಡಿತು! ಆ ಸದ್ದು! ಪುಟ್ಟ ಮೈಯೊಳಗಿಂದ ಟ್ಯಾಕ್ಸಿಯ ಗಂಟಲು. ನಾನು ಕ್ಲಾರಾಬಾಯಿಯ ಪಕ್ಕ, ಬಸಪ್ಪ ಹಿಂದೆ. ಪಾಲಿ ಹಿಲ್ ಏರಿಗೆ ಬಿಟ್ಟೆವು. ಮೊದಲು ಫಸ್ಟ್ ಗಿಯರಿನಲ್ಲಿ ಏದುಸಿರು ಬಿಡುತ್ತಿದ್ದ ಕಾರು ಥರ್ಡ್‌ನಲ್ಲೇ ಏರಿತು. "ಜೆಜು! ಜೆಜು!" ಎಂದು ಯೇಸುವನ್ನು ಕೂಗುತ್ತ ಕ್ಲಾರಾಬಾಯಿ ಹಾರ್ನ್ ಹೊಡೆಯುತ್ತಲೇ ಇದ್ದರು. "ಬಾಯಾರ, ಬ್ರೇಕ್ ಹಳೇದ ಐತ್ರೀ, ನೆಪ್ಪಿರ್ಲಿ!" ಎಂದು ಹಿಂದಿನಿಂದ ಬಸಪ್ಪ ಸೀಟನ್ನು ತಬ್ಬಿಕೊಂಡಿದ್ದರು.

ಮೇಲೆ ಮುಟ್ಟಿದ್ದೇ ಕ್ಲಾರಾಬಾಯಿ ಬಾಗಿಲು ತೆಗೆದು, "ಇಳೀರಿ ಇಬ್ರೂ. ಬೊರಿವಲಿಯಲ್ಲಿ ಒಬ್ಬಳಿಗೆ ದಿನ ತುಂಬಿದೆ, ಬ್ಯಾಗು ಡಿಕ್ಕಿಯಲ್ಲೇ ಉಂಟು," ಎಂದರು. ಥ್ಯಾಂಕ್ಯೂ ಇಲ್ಲ, ಏನಿಲ್ಲ. ಬಿಸಿಲಲ್ಲಿ ನಿಂತು ನಾವು ಆ ಗುಂಡು ಬೆನ್ನು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದೆವು. ನನಗೆ ಆ ಮಧ್ಯಾಹ್ನದ ವಯಸ್ಸು ಮತ್ತೆ ಸಿಗಲಿಲ್ಲ.

ಅಳತೆ ಬರೆದ ಕೂಡಲೇ ಮುಗಿಯುವುದಿಲ್ಲ ಎಂದು ಆ ಕೆಲಸ ನನಗೆ ಕಲಿಸಿತು. ಕೊರೆಯುವವರು ಅದನ್ನು ತಮ್ಮ ಬಾಯಲ್ಲಿ ಏನೆಂದು ಹೇಳಿಕೊಳ್ಳುತ್ತಾರೆಂದು ಕಿವಿಗೊಟ್ಟು ಕೇಳಬೇಕು. ಅಂದಿನಿಂದ ಪ್ರತಿ ಡ್ರಾಯಿಂಗನ್ನೂ ಲೇತ್‌ವರೆಗೆ ನಾನೇ ಒಯ್ದು, "ಬಸಪ್ಪಾರ, ಓದಿ ಹೇಳ್ರಿ," ಎನ್ನುತ್ತಿದ್ದೆ. ಬಸಪ್ಪ ಕನ್ನಡಕ ಏರಿಸಿ, ಶಾಲೆಯ ಹುಡುಗನಂತೆ ಕೈಕಟ್ಟಿ ಒಪ್ಪಿಸುತ್ತಿದ್ದರು: "ಎಂಟು ಪಾಯಿಂಟ್ ಎರ್ಡು. ಸೂತಲ್ಲ, ಇಂಚಲ್ಲ. ಬಾಯಾರ ಎಂಎಂ."