ಮಸ್ಕಿಯ ಕಾಳಿನ ಓಣಿಯ ಬಾಡಿಗೆ ಮನೆ

೧೯೪೪ನೇ ಇಸವಿಯ ಮೊದಲ ತಿಂಗಳುಗಳು. ನಿಜಾಮ ಸರ್ಕಾರದ ಆರೋಗ್ಯ ಖಾತೆಯಲ್ಲಿ ನನಗೆ ಸ್ಯಾನಿಟರಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿ, ಲಿಂಗಸುಗೂರು ತಾಲೂಕಿನ ಮಸ್ಕಿಗೆ ಹಾಕಿದರು. ಕಾಗದದ ಮೇಲೆ ಹುದ್ದೆಯ ಹೆಸರು ಏನೇ ಇರಲಿ, ಜನರ ಬಾಯಲ್ಲಿ ನಾನು ‘ಸಫಾಯಿ ದಾರೋಗಾ’. ಬಾವಿಗಳಿಗೆ ಔಷಧಿ ಹಾಕಿಸುವುದು, ಸಂತೆಯ ತಿಂಡಿ ತಪಾಸಣೆ ಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಪ್ಲೇಗಿನ ಸುಳಿವು ಸಿಕ್ಕರೆ ತಾಲೂಕಿಗೆ ತಿಳಿಸಿ ಊರು ಬಿಡಿಸುವುದು ನನ್ನ ಜವಾಬ್ದಾರಿ. ಆಗ ನಮ್ಮ ಜಿಲ್ಲೆಯಲ್ಲಿ ಚಳಿಗಾಲ ಬಂತೆಂದರೆ ಪ್ಲೇಗಿನ ಹೆದರಿಕೆ ಇದ್ದದ್ದೇ.

ಊರು ನನಗೆ ಪೂರ್ತಿ ಹೊಸದು. ನಾನು ಯಾದಗಿರಿ ಕಡೆಯವನು. ಹೆಂಡತಿ ಶಾರದಾ ಕೂಸಿನೊಂದಿಗೆ ತವರಿನಲ್ಲಿದ್ದಳು. ಮನೆ ಸಿಕ್ಕ ಕೂಡಲೇ ಬರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ನಾನು ಪ್ರಯಾಣಿಕರು ತಂಗುವ ಮುಸಾಫಿರ್‌ಖಾನೆಯ ಒಂದು ಮೂಲೆಯಲ್ಲಿ ಟ್ರಂಕು ಇಟ್ಟುಕೊಂಡು, ಚಪರಾಸಿ ರಾಜಾಸಾಬನನ್ನು ಕರೆದುಕೊಂಡು ಮನೆ ಹುಡುಕಲು ಹೊರಟೆ.

ಮನೆಗಳೇನೋ ಖಾಲಿ ಇದ್ದವು. ಒಂದು ಮನೆಯ ಮಾಲೀಕ ಬಾಗಿಲು ತೆರೆದು ಪಡಸಾಲೆ ತೋರಿಸಿ, ನನ್ನ ಕೆಲಸ ಯಾವುದೆಂದು ಕೇಳಿದ. ಹೇಳಿದೆ. ತಕ್ಷಣ ಅವನಿಗೆ ಬಾಣಂತನಕ್ಕೆ ಬರಲಿರುವ ಮಗಳ ನೆನಪಾಯಿತು. ಇನ್ನೊಬ್ಬರು ಮಾಳಿಗೆ ಸೋರುತ್ತದೆ ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮತ್ತೊಂದು ಓಣಿಯಲ್ಲಿ ನಾವು ಬರುವುದನ್ನು ಕಂಡೇ ಬೀಗ ಹಾಕಿದರು. ಸಂಜೆ ಮುಸಾಫಿರ್‌ಖಾನೆಯ ಕಟ್ಟೆಯ ಮೇಲೆ ಕೂತಾಗ ರಾಜಾಸಾಬನನ್ನು ಕಾರಣ ಕೇಳಿದೆ. ಅವನು ಹೇಳಿದ:

“ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾಹೇಬ್ರ. ದಾರೋಗಾ ಇದ್ದ ಮನಿಗೆ ಗಂಟಿನ ಬ್ಯಾನಿ ಬರತೈತಿ ಅಂತ ಮಂದಿ ತಿಳಕೊಂಡಾರ. ಮಾಳಿಗಿ ಕೆಡವತೀರಿ, ನೆಲ ಅಗಿಸತೀರಿ, ಬ್ಯಾನಿಬಿದ್ದವರನ್ನ ಒಯ್ದು ಶೆಡ್ಡಿನ್ಯಾಗ ಹಾಕತೀರಿ. ನಿಮ್ಮನ್ನ ಯಾರು ಒಳಗ ಕರೀತಾರ?”

ಗಂಟಿನ ಬೇನೆ ಎಂದರೆ ಪ್ಲೇಗು. ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಂಟು ಏಳುವುದರಿಂದ ಆ ಹೆಸರು. ಬೇನೆಯನ್ನು ನಾವೇ ತರುತ್ತೇವೆ ಎಂಬುದೊಂದನ್ನು ಬಿಟ್ಟರೆ ಜನರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ರೋಗ ಕಾಣಿಸಿದ ಮನೆಯ ಮಾಳಿಗೆ ತೆರೆದು ಬಿಸಿಲು ಬೀಳುವಂತೆ ಮಾಡುವುದು, ಬಿಲಗಳಿಗೆ ಪಂಪಿನಿಂದ ವಿಷದ ಹೊಗೆ ಊದುವುದು, ರೋಗಿಯನ್ನು ಊರ ಹೊರಗಿನ ಶೆಡ್ಡಿಗೆ ಸಾಗಿಸುವುದು ನಮ್ಮ ನಿಯಮವೇ ಆಗಿತ್ತು.

ಹೀಗೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಒಬ್ಬರು ತಾವಾಗಿ ನನ್ನನ್ನು ಹುಡುಕಿಕೊಂಡು ಬಂದರು. ಹೆಸರು ಚನ್ನಪ್ಪ ಸಾವಕಾರರು, ಕಾಳಿನ ಅಡತಿ ವ್ಯಾಪಾರಿ. ಬಿಳಿ ರುಮಾಲು, ಮೆತ್ತನೆಯ ಮಾತು. ತಮ್ಮ ಅಂಗಡಿಗೆ ಅಂಟಿಕೊಂಡಂತೆ ಒಂದು ಮನೆ ಇದೆ, ಬಾಡಿಗೆ ಕೊಟ್ಟಷ್ಟು ಸಾಕು, ಸಾಮಾನು ಸಾಗಿಸಲು ಬಂಡಿಯನ್ನೂ ಕಳಿಸುತ್ತೇನೆ ಎಂದರು. ನಾನು ಪ್ಲೇಗಿನ ದಾರೋಗಾ ಎಂಬುದು ಗೊತ್ತಿದೆಯೇ ಎಂದು ಕೇಳಿದೆ. ಗೊತ್ತಿದ್ದೇ ಬಂದೀನ್ರಿ ಎಂದು ನಕ್ಕರು.

ಮನೆ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು ಅನ್ನುವುದೇ ನನಗೆ ಮೊದಲು ಚುಚ್ಚಿದ್ದು. ಸಾವಕಾರರ ಸ್ವಂತ ಮನೆಯ ಗೋಡೆಯ ಗಿಲಾವು ಉದುರುತ್ತಿತ್ತು; ಬಾಡಿಗೆಗೆ ಕೊಡುವ ಈ ಮನೆಗೆ ಆಗಷ್ಟೇ ಸುಣ್ಣ ಬಳಿದಿತ್ತು. ನೆಲವನ್ನು ಹೊಸ ಮಣ್ಣು ಹಾಕಿ ಸಾರಿಸಿದ್ದರು, ಇನ್ನೂ ಹಸಿಯಾಗಿತ್ತು. ಒಳಗೆಲ್ಲ ಲೋಬಾನದ ಹೊಗೆಯ ವಾಸನೆ. ಹಿಂದಿನ ಅಂಗಳದಲ್ಲಿ ಒಂದು ಉಗ್ರಾಣ. ಅದಕ್ಕೆ ದೊಡ್ಡ ಬೀಗ. ಅದು ಅಂಗಡಿಯ ಜೋಳ ತುಂಬುವ ಜಾಗ, ಬಾಡಿಗೆಯ ಮನೆಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಬೇರೆ ಮನೆ ಸಿಕ್ಕಿರಲಿಲ್ಲ. ಟ್ರಂಕು ತರಿಸಿದೆ, ಶಾರದಾಳಿಗೆ ಹೊರಟು ಬಾ ಎಂದು ಬರೆದೆ.

ಅಲ್ಲಿ ಇರತೊಡಗಿದ ಮೇಲೆ ಸಾವಕಾರರ ಅಕ್ಕರೆ ಇನ್ನೂ ಹೆಚ್ಚಿತು. ಸಂಜೆಯಾದರೆ ತಮ್ಮ ಗಿರಾಕಿಗಳನ್ನು ನನ್ನ ಮನೆಯ ಕಟ್ಟೆಯ ಮೇಲೆಯೇ ಕೂಡಿಸಿ ಚಹಾ ತರಿಸುತ್ತಿದ್ದರು. ಮುದಗಲ್ಲಿನಿಂದ, ಸಿಂಧನೂರಿನಿಂದ ಬಂದ ವ್ಯಾಪಾರಿಗಳಿಗೆ ನನ್ನನ್ನು ತೋರಿಸಿ, ದಾರೋಗಾ ಸಾಹೇಬರು ನಮ್ಮ ಮನೆಯಲ್ಲೇ ಇದ್ದಾರೆ ಎನ್ನುತ್ತಿದ್ದರು. ಮೊದಮೊದಲು ಅದು ಅವರ ದೊಡ್ಡಸ್ತಿಕೆಯ ಮಾತು ಅಂದುಕೊಂಡೆ. ಆದರೆ ಪ್ರತಿ ಸಲವೂ ಬಂದವರು ನನ್ನ ಮುಖ ನೋಡಿ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು, ಹಗುರಾದವರಂತೆ ವ್ಯವಹಾರಕ್ಕೆ ಕೂರುತ್ತಿದ್ದರು. ಅದೇಕೆ ಹಗುರಾಗುತ್ತಾರೆ ಎಂಬುದು ನನಗೆ ತಿಳಿಯಲಿಲ್ಲ.

ಓಣಿಯ ಜನ ಬೇರೆ ಥರ ಇದ್ದರು. ನಾನು ಹಾದು ಹೋದರೆ ಮಾತು ನಿಲ್ಲಿಸುತ್ತಿದ್ದರು. ಎರಡು ಮನೆಗಳಿಗೆ ಬೀಗ ಬಿದ್ದಿತ್ತು. ಕೇಳಿದರೆ ಮುಕ್ಕುಂದ ಗ್ರಾಮದ ಬೀಗರ ಮನೆಗೆ ಹೋಗಿದ್ದಾರೆ ಎಂದರು. ಇನ್ನೊಂದು ಮನೆಯವರು ಹಾಸಿಗೆ, ಪಾತ್ರೆಗಳನ್ನೆಲ್ಲ ಬಂಡಿಗೆ ಹೇರಿ ಹೊಲದ ಗುಡಿಸಲಿಗೆ ಹೊರಟರು. ಸುಗ್ಗಿಯ ಕಾಲ, ಹೊಲದಲ್ಲಿ ಉಳಿಯುವುದು ಸಹಜ. ಆದರೆ ಸುಗ್ಗಿಗೆ ಹೊರಟವರು ತೊಟ್ಟಿಲನ್ನೂ ಬಿಚ್ಚಿಕೊಂಡು ಹೋಗುತ್ತಾರೆಯೇ?

ಎದುರು ಮನೆಯಲ್ಲಿ ಹುಲಿಗೆವ್ವ ಎಂಬ ವಿಧವೆ ಇದ್ದಳು. ಅವಳ ಮಗ ಹನುಮಂತ ಸಾವಕಾರರ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಆಕೆ ಬಾಗಿಲಲ್ಲಿ ನಿಂತು ನಾನು ಒಳಗೆ ಹೋಗುವುದು, ಹೊರಗೆ ಬರುವುದು ಎಲ್ಲವನ್ನೂ ನೋಡುತ್ತಿದ್ದಳು. ಸಾವಕಾರರು ನನ್ನ ಮೇಲೆ ಕಣ್ಣಿಡಲು ಅವಳನ್ನು ನಿಲ್ಲಿಸಿದ್ದಾರೆಂದೇ ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಊಟ ಮಾಡುವಾಗ ರೊಟ್ಟಿಯ ಚೂರು ಕೆಳಗೆ ಬಿತ್ತು. ಎತ್ತಿ ಮೂಲೆಗೆ ಎಸೆದೆ. ಮರುದಿನ ಅದು ಅಲ್ಲೇ ಒಣಗಿ ಬಿದ್ದಿತ್ತು. ಅಂಗಡಿ ಸಾಲಿನಲ್ಲಿ ಜೋಳದ ಚೀಲಗಳು, ಹಿಂದೆ ತುಂಬಿದ ಉಗ್ರಾಣ, ನೆಲದಡಿ ಕಾಳು ಹೂಳುವ ಹಗೇವುಗಳು. ಇಂಥ ಓಣಿಯಲ್ಲಿ ಜಂತೆಯ ಮೇಲೆ ಇಲಿ ಓಡಾಡುವ ಸದ್ದು ನಿಲ್ಲಬಾರದು. ಬಂದಾಗಿನಿಂದ ನಾನು ಒಂದು ಇಲಿಯನ್ನೂ ಕಂಡಿರಲಿಲ್ಲ, ಒಂದು ಸದ್ದನ್ನೂ ಕೇಳಿರಲಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ಪ್ಲೇಗು ಮೊದಲು ಮನುಷ್ಯರಿಗೆ ಬರುವುದಿಲ್ಲ, ಇಲಿಗಳಿಗೆ ಬರುತ್ತದೆ. ಇಲಿಗಳು ಸಾಲಾಗಿ ಸಾಯುತ್ತವೆ. ನಮ್ಮ ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ರ‍್ಯಾಟ್ ಫಾಲ್’ ಎನ್ನುತ್ತಿದ್ದೆವು. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಅದರ ಚಿಗಟಗಳು ಬೇರೆ ಬಿಸಿ ಮೈ ಹುಡುಕಿಕೊಂಡು ಹೊರಡುತ್ತವೆ. ಆಗ ಸರದಿ ಮನುಷ್ಯರದು. ಆದ್ದರಿಂದ ಕಾಳಿನ ಓಣಿಯಲ್ಲಿ ಇಲಿ ಕಂಡರೆ ನಾವು ಹೆದರುವುದಿಲ್ಲ, ಕಾಣದಿದ್ದರೆ ಹೆದರಬೇಕು.

ಹಸಿ ನೆಲ, ಸುಣ್ಣ, ಲೋಬಾನ, ಬೀಗ ಎಲ್ಲವೂ ಒಮ್ಮೆಗೇ ಮನಸ್ಸಿಗೆ ಬಂದವು. ಅಂಗಡಿಗೆ ಹೋಗಿ ಸಾವಕಾರರನ್ನು ಉಗ್ರಾಣದ ಕೀಲಿ ಕೇಳಿದೆ. ಕೀಲಿ ಹನುಮಂತನ ಕಡೆ ಇದೆ, ಅವನು ಕಾಳು ತರಲು ತುರ್ವಿಹಾಳಕ್ಕೆ ಹೋಗಿದ್ದಾನೆ ಎಂದರು. ಯಾವಾಗ ಬರುತ್ತಾನೆಂದು ಕೇಳಿದ್ದಕ್ಕೆ ಸರಿಯಾಗಿ ಹೇಳಲಿಲ್ಲ. ಹಮಾಲನ ಕೈಗೆ ಉಗ್ರಾಣದ ಕೀಲಿ ಕೊಟ್ಟು ಪರವೂರಿಗೆ ಕಳಿಸುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ.

ನಾನು ಮನೆಗೆ ತಿರುಗಿ ಬರುವಷ್ಟರಲ್ಲಿ ಹುಲಿಗೆವ್ವ ನನ್ನ ಕಟ್ಟೆಯ ಹತ್ತಿರ ನಿಂತಿದ್ದಳು. ಮೊದಲ ಸಲ ಮಾತಾಡಿದಳು.

“ನಿಮ್ಮ ಮನಿಯವರು, ಕೂಸು ಬರಾಕತ್ತಾರಂತ, ಹೌದೇನ್ರಿ?”

ಹೌದು, ಇನ್ನೆರಡು ದಿನಕ್ಕೆ ಲಿಂಗಸುಗೂರಿಗೆ ಬರುತ್ತಾರೆ ಎಂದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು. ಬೇನೆಬಿದ್ದವರನ್ನು ಶೆಡ್ಡಿಗೆ ಒಯ್ದರೆ ತಾಯಿಯನ್ನು ಜೊತೆಗೆ ಬಿಡುತ್ತಾರೋ ಇಲ್ಲವೋ?

ನನಗೆ ಅರ್ಥವಾಯಿತು. ಸೂಜಿಮದ್ದು ಹಾಕಿಸಿಕೊಂಡರೆ ಬಿಡುತ್ತೇವೆ, ನಾನು ನಿಂತು ಬಿಡಿಸುತ್ತೇನೆ ಎಂದೆ. ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಬೇಕೋ ಬೇಡವೋ ಎಂಬ ಲೆಕ್ಕ ಆ ಕಣ್ಣಿನಲ್ಲಿತ್ತು.

“ಆ ಮನ್ಯಾಗ ಕೂಸನ್ನ ಇಡಬ್ಯಾಡ್ರಿ ಸಾಹೇಬ್ರ,” ಎಂದಳು. “ಇಲಿ ಉದುರಿದ್ವು. ನನ್ನ ಮಗನೇ ಪುಟ್ಟಿ ತುಂಬಿ ಹೊರಗ ಹಾಕ್ಯಾನ. ಬಾಯಿ ಬಿಟ್ಟರ ಕೂಲಿ ಹೋಗತೈತಿ ಅಂದ್ರು ಸಾವಕಾರ್ರು. ಅಂವ ಎಲ್ಲೂ ಹೋಗಿಲ್ಲ. ಒಳಗ ಮಲಗ್ಯಾನ. ಮೈ ಸುಡಾಕತ್ತೈತಿ.”

ಒಳಗೆ ಹೋಗಿ ನೋಡಿದೆ. ಕತ್ತಲ ಕೋಣೆಯಲ್ಲಿ ಹನುಮಂತ ಕಣ್ಣು ಕೆಂಪಾಗಿ ಮಲಗಿದ್ದ. ತೊಡೆಯ ಸಂದಿಯಲ್ಲಿ ಗಂಟು ಎದ್ದಿತ್ತು. ಮುಟ್ಟಿದರೆ ಕೂಗುತ್ತಿದ್ದ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ರಾಜಾಸಾಬನನ್ನು ಕೂಡಲೇ ಲಿಂಗಸುಗೂರಿಗೆ ಓಡಿಸಿದೆ. ತಹಸೀಲಿಗೂ ದವಾಖಾನೆಗೂ ಸುದ್ದಿ ಮುಟ್ಟಿಸಬೇಕು. ಶಾರದಾ ಬಂದರೆ ಅಲ್ಲೇ ನಿಲ್ಲಿಸಿ, ನಾನು ಕೆಲಸಕ್ಕೆ ಸೇರುವಾಗ ಹಾಕಿಸಿಕೊಂಡ ಸೂಜಿಮದ್ದನ್ನು ಅವಳಿಗೂ ಹಾಕಿಸಬೇಕು ಎಂದು ಹೇಳಿದೆ. ನಾನು ಊರಿನ ಪೊಲೀಸ್ ಪಾಟೀಲರನ್ನು ಕರೆದುಕೊಂಡು ಉಗ್ರಾಣದ ಮುಂದೆ ನಿಂತೆ. ಸಾವಕಾರರು ಬಂದರು. ಬಾಗಿಲು ಒಡೆಯುತ್ತೇವೆ ಎಂದಾಗ ಕೀಲಿ ಅವರ ಸೊಂಟದಿಂದಲೇ ಹೊರಬಂತು. ಚೀಲಗಳ ಸಂದಿಯಲ್ಲಿ, ಹಗೇವಿನ ಬಾಯಿಯ ಸುತ್ತ, ಹನುಮಂತ ಎತ್ತಿ ಹಾಕಿದ ಮೇಲೂ ಉಳಿದ ಇಲಿಗಳು ಬಿದ್ದಿದ್ದವು.

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ನನ್ನ ಕೂಸು ಬರುವುದು ಗೊತ್ತಿದ್ದೂ ಈ ಮನೆ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಹೇಳಿದರು:

“ಊರಾಗ ಗುಸುಗುಸು ಎದ್ದಿತ್ರಿ. ನೀವು ಇಲ್ಲಿ ಇದ್ದರ, ಇಲ್ಲೇನೂ ಇಲ್ಲ ಅಂತ ಮಂದಿ ನಂಬತಾರ ಅಂದುಕೊಂಡೆ. ಮಾಲು ಹೋಗೋತನಕ ಅಷ್ಟ.”

ಆಗ ತಿಳಿಯಿತು, ಕಟ್ಟೆಯ ಮೇಲಿನ ಆ ವ್ಯಾಪಾರಿಗಳು ಯಾಕೆ ಹಗುರಾಗುತ್ತಿದ್ದರು ಎಂದು. ಪ್ಲೇಗಿನ ದಾರೋಗಾನೇ ನಿಶ್ಚಿಂತೆಯಿಂದ ಇರುವ ಮನೆಯಲ್ಲಿ ಪ್ಲೇಗು ಇದ್ದೀತೆಂದು ಯಾರು ಅಂದುಕೊಳ್ಳುತ್ತಾರೆ? ಅವರು ಮನೆ ಕೊಟ್ಟದ್ದು ನನಗಲ್ಲ, ನನ್ನ ಹುದ್ದೆಗೆ.

ಮರುದಿನದಿಂದ ಊರು ಬಿಡಿಸಿದೆವು. ಗುಡ್ಡದ ಆಚೆಯ ಹೊಲಗಳಲ್ಲಿ ಜೋಳದ ದಂಟು, ಚಾಪೆಗಳಿಂದ ಗುಡಿಸಲುಗಳು ಎದ್ದವು. ಲಿಂಗಸುಗೂರಿನ ಡಾಕ್ಟರು ಬಂದು ದಿನವಿಡೀ ಸೂಜಿ ಹಾಕಿದರು. ಮೊದಲು ಹೆದರಿ ದೂರ ನಿಂತಿದ್ದವರು, ಹುಲಿಗೆವ್ವ ತೋಳು ಚಾಚಿದ್ದನ್ನು ಕಂಡು ಒಬ್ಬೊಬ್ಬರಾಗಿ ಸಾಲಿಗೆ ಬಂದರು. ಆಕೆಯನ್ನು ಶೆಡ್ಡಿನಲ್ಲಿ ಮಗನ ಹತ್ತಿರ ಬಿಡುವುದಕ್ಕೆ ಡಾಕ್ಟರು ಒಪ್ಪಲಿಲ್ಲ. ನಾನು ಮಾತು ಕೊಟ್ಟಿದ್ದೇನೆ ಎಂದು ಹಟ ಹಿಡಿದೆ, ಕೊನೆಗೆ ಒಪ್ಪಿದರು. ಹನುಮಂತ ಉಳಿಯಲಿಲ್ಲ. ತಾಯಿಯ ಕೈಯಲ್ಲಿ ನೀರು ಕುಡಿದು ಹೋದ, ಅಷ್ಟೇ ಸಮಾಧಾನ. ಸಾವಿನ ಸಂಖ್ಯೆ ಬೆರಳಲ್ಲಿ ಎಣಿಸುವಷ್ಟಕ್ಕೆ ನಿಂತಿತು. ಸಾವಕಾರರ ಮೇಲೆ ತಹಸೀಲಿನಲ್ಲಿ ಮೊಕದ್ದಮೆ ಆಗಿ ದಂಡ ಬಿತ್ತೆಂದು ಕೇಳಿದೆ. ಅವರೂ ಅದೇ ಹೊಲದಲ್ಲಿ ಒಂದು ಗುಡಿಸಲಿನಲ್ಲಿದ್ದರು. ಅವರ ಗುಡಿಸಲಿನ ಕಡೆ ಯಾರೂ ಹೋಗುತ್ತಿರಲಿಲ್ಲ.

ಶಾರದಾ ಲಿಂಗಸುಗೂರಿನಲ್ಲಿ ಸೂಜಿಮದ್ದು ಹಾಕಿಸಿಕೊಂಡು, ಮದ್ದು ಮೈಗೆ ಹತ್ತುವ ತನಕ ಅಲ್ಲೇ ಇದ್ದು, ಆಮೇಲೆ ಕೂಸನ್ನು ಎತ್ತಿಕೊಂಡು ಗುಡಿಸಲಿಗೆ ಬಂದಳು. ನಾವಿಬ್ಬರೂ ಕೂಡಿ ಸಂಸಾರ ಹೂಡಿದ ಮೊದಲ ಮನೆ ಆ ದಂಟಿನ ಗುಡಿಸಲು.

ಬಿಸಿಲು ಏರಿದ ಮೇಲೆ ರೋಗ ತಗ್ಗಿತು. ಜನ ಊರಿಗೆ ಮರಳತೊಡಗಿದರು. ಮತ್ತೆ ಮನೆ ಹುಡುಕುವ ಕೆಲಸ ಎದುರಿಗೆ ಬಂತು. ಈ ಸಲ ಯಾರೂ ಬೀಗ ಹಾಕಲಿಲ್ಲ, ಆದರೆ ಯಾರೂ ಕರೆಯಲೂ ಇಲ್ಲ. ಒಂದು ಬೆಳಗ್ಗೆ ಹುಲಿಗೆವ್ವ ಗುಡಿಸಲಿಗೆ ಬಂದು, ತನ್ನ ಮನೆಯಲ್ಲಿ ಮಗನ ಕೋಣೆ ಮತ್ತು ಪಡಸಾಲೆ ಖಾಲಿ ಇದೆ, ಬನ್ನಿ ಎಂದಳು.

ಹೋದೆವು. ಮಾಳಿಗೆ ತೆರೆದು ಬಿಸಿಲು ಬಿದ್ದು ಶುದ್ಧವಾದ ಕೋಣೆ, ತೆರೆಸಿದವನು ನಾನೇ. ಆದರೂ ನನ್ನ ಕಣ್ಣು ಜಂತೆಯ ಮೂಲೆಗಳಿಗೆ, ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಎದುರು ಹೀಗೆ ಹುಡುಕುವುದು ನನಗೇ ನಾಚಿಕೆಯೆನಿಸಿ ಹಿಂದೆ ಸರಿದೆ. ಆಕೆ ಅದನ್ನು ಗಮನಿಸಿ ಕಂದೀಲು ಹಚ್ಚಿ ತಂದು ನನ್ನ ಕೈಗೆ ಕೊಟ್ಟಳು.

“ಚಂದಾಗಿ ನೋಡ್ರಿ. ಕೂಸು ಇರೋ ಮನಿ ಐತಿ,” ಎಂದಳು.

ನೋಡಿದೆ. ಪ್ರತಿ ಮೂಲೆಯನ್ನೂ, ಪ್ರತಿ ಬಿಲವನ್ನೂ ಬಗ್ಗಿ ನೋಡಿದೆ. ಆಕೆ ನನ್ನ ಪಕ್ಕದಲ್ಲೇ ನಿಂತು, ಗೋಡೆಯ ಗೂಡಿನಲ್ಲಿದ್ದ ಮಗನ ರುಮಾಲನ್ನು ಸರಿಸಿ ಅದರ ಹಿಂದೆಯೂ ಬೆಳಕು ಬೀಳುವಂತೆ ಮಾಡಿದಳು.

ಮುಂದೆ ಸಿಂಧನೂರಿನಲ್ಲಿ, ಇನ್ನೂ ಹಲವು ಊರುಗಳಲ್ಲಿ ಕೆಲಸ ಮಾಡಿದೆ. ಹೊಸ ಊರಿಗೆ ಹೋದಾಗಲೆಲ್ಲ ಮನೆ ಹುಡುಕಿದ್ದೇನೆ. ಅನುಮಾನಿಸುವುದು ನಮ್ಮ ಕೆಲಸದ ಭಾಗ. ಅದಕ್ಕೆ ನಾಚಬೇಕಿಲ್ಲ ಎಂಬುದನ್ನು ನನಗೆ ಕಲಿಸಿದ್ದು ತರಬೇತಿಯಲ್ಲ, ಆ ತಾಯಿ. ಮನೆ ತೋರಿಸುವವರು ಸುಣ್ಣವನ್ನು ಹೊಗಳುತ್ತ ನಿಂತರೆ ನಾನು ಹೊರಡುತ್ತಿದ್ದೆ. ದೀಪ ತರಲೇ ಎಂದು ಕೇಳಿದವರ ಮನೆಯಲ್ಲಿ ಉಳಿಯುತ್ತಿದ್ದೆ.