ಯಾವ ಭರಣಿಗೂ ಕೂಡುವ ಮುಚ್ಚಳ

ಮೊನ್ನೆ ನಮ್ಮ ಅಣ್ಣನ ಮೊಮ್ಮಗಳು ಒಲೆಯ ಮೇಲೆ ಹುಣಸೆಬೀಜ ಹುರಿಯುತ್ತಿದ್ದಳು. ತುಸು ಸೀದವು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕಾ ನೆನಪಾದರು. ಗೋಕಾಕದ ಈ ಓಣಿಯಲ್ಲಿ ಆಗ ದಿನವೂ ಹುಣಸೆಬೀಜ ಹುರಿದು, ಅರೆದು, ಕಟ್ಟಿಗೆಯ ಗೊಂಬೆಗಳಿಗೆ ಬಳಿಯುವ ಅಂಟು ಕಾಸುತ್ತಿದ್ದರು. ಮುಂಬಯಿ ಸರಕಾರದ ಕಾಲ ಅದು. ಕಾಕಾ ಗೊಂಬೆ, ಹಣ್ಣು, ಕುಂಕುಮದ ಭರಣಿ ಮಾಡುತ್ತಿದ್ದರು.

ಮದುವೆಯಾಗಿ ಎರಡನೆಯ ವರ್ಷಕ್ಕೇ ನನ್ನ ಗಂಡ ತೀರಿಕೊಂಡರು. ತವರೂರು ದಡ್ಡಿಯಿಂದ ಅಣ್ಣ ಬಂದು, ಊರಿಗೆ ನಡೆ ಎಂದ. ಅಣ್ಣ ಕೆಟ್ಟವನಲ್ಲ… ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತಿಗೆಯ ಮಾತು. ಹೋದರೆ ಅವಳ ಅಡುಗೆಮನೆಯಲ್ಲೇ ಜನ್ಮ ಸವೆಸಬೇಕಿತ್ತು. ನಾನು ಒಲ್ಲೆನೆಂದು ಕಾಕಾ ಅವರ ಹತ್ತಿರ ಕೆಲಸ ಕೇಳಿದೆ. ಅವರು ಕೈಗೆ ಉಳಿ ಕೊಟ್ಟು ಭರಣಿಯ ಬಾಯಿ ಕೊರೆಯಲು ಕೂರಿಸಿದರು. ಗಂಡನಿಲ್ಲದವಳು ಕುಂಕುಮದ ಭರಣಿ ಮುಟ್ಟುವುದೇ ಎಂದು ಓಣಿ ಗೊಣಗಿತು.

"ಕೊರಿಯೋದು ಉಳಿ, ಹಣಿ ಅಲ್ಲ," ಎಂದರು ಕಾಕಾ.

ದೀಪಾವಳಿತನಕ ನೋಡೋಣ ಎಂದು ಅಣ್ಣ ಮುಖ ಊದಿಸಿಕೊಂಡು ಹೋದ.

ನನ್ನ ಕೈಯೋ, ದೇವರಿಗೇ ಪ್ರೀತಿ! ಒಂದು ಭರಣಿಯ ಬಾಯಿ ಅಗಲ, ಇನ್ನೊಂದರದು ಬಿಗಿ. ಕಾಕಾ ಒಂದೊಂದಕ್ಕೂ ಅದರದೇ ಮುಚ್ಚಳ ಕೆತ್ತಿ ಕೂಡಿಸುತ್ತಿದ್ದರು. ಬಣ್ಣ ಬಳಿದು ಬಿಸಿಲಿಗಿಟ್ಟಾಗ ಯಾವ ಮುಚ್ಚಳ ಯಾವುದರದೋ, ಎಲ್ಲ ಕಲಸಿಹೋಗುತ್ತಿದ್ದವು. ದೀಪಾವಳಿಯ ಹೊತ್ತಿಗೆ ನಮ್ಮ ಭರಣಿ ಕೊಂಡು ಮಾರುತ್ತಿದ್ದ ಮೂಡಲಗಿಯ ಸಾವ್ಕಾರರು ಮಾಲನ್ನೆಲ್ಲ ವಾಪಸು ತಂದು ಅಂಗಳದಲ್ಲಿ ಸುರುವಿದರು.

"ಒಂದರಾಗ ಮುಚ್ಚಳಾ ಲೊಡಲೊಡ ಅಂತೈತಿ, ಇನ್ನೊಂದರಾಗ ಇಳಿಯಂಗಿಲ್ಲ. ಈ ಹುಡಿಗಿನ್ನ ಬಿಡಿಸ್ರಿ, ಇಲ್ಲಾ ನನ್ನ ಬಿಡ್ರಿ."

ನಾನು ಉಳಿ ಕೆಳಗಿಟ್ಟೆ.

"ಎಂಟು ದಿನಾ ತಡೀರಿ ಸಾವ್ಕಾರ್ರ," ಎಂದರು ಕಾಕಾ. "ಈಕಿ ಕೈ ಪಳಗಾಕ ಭಾಳ ದಿನಾ ಬೇಕು. ಮುಚ್ಚಳಾ ಬದಲ್ ಮಾಡಾಕ ಅಷ್ಟೇನ್ ಬ್ಯಾಡ."

ಮೊದಲು ಮುಚ್ಚಳಕ್ಕೆ ಅರಿವೆ ಸುತ್ತಿ ನೋಡಿದರು. ಕಿತ್ತು ಬಂತು. ಆಮೇಲೆ ಬಾಯೊಳಗೆ ಇಳಿಯುವ ಭಾಗವನ್ನು ಕೆಳಗೆ ಸಣ್ಣ, ಮೇಲೆ ದಪ್ಪ ಮಾಡಿದರು, ಶೇಂಗಾ ಕಟ್ಟುವ ಪೊಟ್ಟಣದ ಹಾಗೆ. ಬಾಯಿ ಬಿಗಿಯಿದ್ದರೆ ಮುಚ್ಚಳ ಸ್ವಲ್ಪ ಮೇಲೇ ನಿಲ್ಲುತ್ತಿತ್ತು, ಅಗಲವಿದ್ದರೆ ಇನ್ನಷ್ಟು ಇಳಿದು ಕೂಡುತ್ತಿತ್ತು, ಎರಡರಲ್ಲೂ ಗಟ್ಟಿ. ಎಲ್ಲಿ ನಿಂತಿದೆ ಎಂಬುದು ಕಾಣದಂತೆ ಹೊರಗಿನ ಅಂಚನ್ನು ಕೆಳಗೆ ಇಳಿಬಿಟ್ಟರು.

ಎಂಟು ದಿನ ಬಿಟ್ಟು ಸಾವ್ಕಾರರು ಮತ್ತೆ ಬಂದ ದಿನವೇ ಅಣ್ಣನೂ ಬಂದು ಹೊಸ್ತಿಲಲ್ಲಿ ನಿಂತಿದ್ದ. ಕಾಕಾ ಮುಚ್ಚಳಗಳನ್ನು ಒಂದು ಬುಟ್ಟಿಗೆ, ಭರಣಿಗಳನ್ನು ಇನ್ನೊಂದಕ್ಕೆ ಸುರಿದು, "ಕಣ್ಣ ಮುಚ್ಚಿ ಯಾವುದಕ್ಕ ಯಾವುದರೆ ಹಚ್ಚ್ರಿ," ಎಂದರು. ಸಾವ್ಕಾರರು ಹಚ್ಚಿದರು, ತಲೆಕೆಳಗೆ ಮಾಡಿದರು, ಅಲುಗಾಡಿಸಿದರು. ಒಂದೂ ಬೀಳಲಿಲ್ಲ.

"ಖರೆ ಐತಿ ಬಿಡ್ರಿ," ಎಂದು ಅವರು ಬುಟ್ಟಿ ಎತ್ತಿಸಿದರು. ಅಣ್ಣ ನನ್ನ ಗಂಟುಮೂಟೆಯ ಮಾತೇ ಎತ್ತದೆ, ಅತ್ತಿಗೆಗೊಂದು ಭರಣಿ ಹಿಡಿದುಕೊಂಡು ದಡ್ಡಿಯ ದಾರಿ ಹಿಡಿದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಬರುಬರುತ್ತ ನನ್ನ ಕೈ ಪಳಗಿತು. "ಕಾಕಾ, ಇನ್ನ ಹಳೇ ಮುಚ್ಚಳಾನ ಮಾಡ್ರಿ, ನಿಮಗ ಕೆಲಸಾ ಕಡಿಮಿ," ಎಂದೆ.

"ಇರ್ಲಿ ಬಿಡವ್ವಾ, ಮತ್ತ್ಯಾರಿಗರೆ ಬೇಕಾಗ್ತೈತಿ," ಎಂದರು.

ಬೇಕಾದದ್ದು ಅವರಿಗೇ. ವಯಸ್ಸಾಗಿ ಕೈ ನಡುಗತೊಡಗಿದಾಗ ಅವರ ಮುಚ್ಚಳಗಳು ಒಂದೊಂದೂ ಬೇರೆ ಬೇರೆ ಅಳತೆಗೆ ಬರುತ್ತಿದ್ದವು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ತೆಗೆದುಕೊಂಡು ಭರಣಿಯ ಮೇಲಿಟ್ಟು ಒತ್ತುತ್ತಿದ್ದೆ. ಕೂಡುತ್ತಿದ್ದವು. ಕೊನೆಯತನಕ ಅವರ ಕೈಯಿಂದ ಉಳಿಯನ್ನು ಯಾರೂ ಇಸಿದುಕೊಳ್ಳಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು… ನನ್ನ ಅಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಈಗ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ಬಾಯಿ ಸೊಟ್ಟ ಕೊರೆದು ಹೆದರಿ ನಿಂತರೆ, ನನ್ನ ನಾಲಗೆ ಬೈಯಲೆಂದೇ ಏಳುತ್ತದೆ. ಕಾಕಾ ನೆನಪಾಗುತ್ತಾರೆ. ಸುಮ್ಮನೆ ಕೈಚಾಚಿ ಒಂದು ಮುಚ್ಚಳ ತೆಗೆದುಕೊಳ್ಳುತ್ತೇನೆ.