ಬುತ್ತಿಗೆಂದು ಬಡಿದ ರೊಟ್ಟಿ

ಆಗ ನನಗೆ ಮೂವತ್ತೈದು ಇದ್ದೀತು. ನಾನು ಹುಟ್ಟಿದ ದಿನ ಯಾರೂ ಬರೆದಿಟ್ಟಿಲ್ಲ. ನನ್ನ ಗಂಡ ಕಟ್ಟಡದ ಹಲಗೆಯಿಂದ ಬಿದ್ದು ಮೂರನೆಯ ವರ್ಷ ಅದು, ಅಷ್ಟೇ ಗುರುತು. ಇದೆಲ್ಲ ನಡೆದು ಈಗ ನಲವತ್ತು ವರ್ಷ ದಾಟಿದೆ.

ಪುಣೆ ಸ್ಟೇಷನ್ನಿಗೂ ಕ್ಯಾಂಪಿಗೂ ನಡುವೆ ನಮ್ಮ ಗಲ್ಲಿ. ರಸ್ತೆ ದಾಟಿದರೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಪಾಳಿ ಬದಲಾದಾಗ ಅಲ್ಲಿ ಭೋಂಗಾ ಕೂಗುತ್ತಿತ್ತು. ಅದು ಕೂಗಿದರೆ ನಮ್ಮ ಮನೆಯ ತಗಡು ಗುಂಯ್ ಎನ್ನುತ್ತಿತ್ತು. ಬೆಳಗಿನ ಮೊದಲ ಭೋಂಗಾಕ್ಕೆ ನಾನು ಒಲೆ ಹೊತ್ತಿಸುತ್ತಿದ್ದೆ, ಎರಡನೆಯದಕ್ಕೆ ಕೊನೆಯ ರೊಟ್ಟಿ ಹಂಚಿನಿಂದ ತೆಗೆಯುತ್ತಿದ್ದೆ. ನಮ್ಮ ಕಡೆಯ ಗಂಡಾಳುಗಳು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು, ಡಬ್ಬಿ ತುಂಬಿಸಿಕೊಂಡು ಆ ಗೇಟಿಗೆ ಹೋಗುತ್ತಿದ್ದರು. ಅವರೇ ನನ್ನ ಗಿರಾಕಿಗಳು. ಬೇರೆಯವರು ಕೇಳಿದರೆ ಆಗುವುದಿಲ್ಲ ಎನ್ನುತ್ತಿದ್ದೆ. ಒಂದೇ ಹೊತ್ತಿಗೆ ಬರುತ್ತಾರೆ, ಒಂದೇ ಹೊತ್ತಿಗೆ ಹೋಗುತ್ತಾರೆ, ಒಂದೇ ತರಹ ತಿನ್ನುತ್ತಾರೆ. ಅದಕ್ಕಿಂತ ಸುಖ ಏನು ಬೇಕು?

ಗಲ್ಲಿಯ ಉಳಿದವರು ನನಗೆ ಸೇರುತ್ತಿರಲಿಲ್ಲ. ಹೊತ್ತುಗೊತ್ತು ಇಲ್ಲದ ಜನ. ಬಲಗಡೆ ಮನೆಯಲ್ಲಿ ಸರ್ಕಾರಿ ದವಾಖಾನೆಯ ಆಯಾ. ಸೊಲ್ಲಾಪುರದಾಕೆ, ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ರಾತ್ರಿಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುವಳು, ಪಾತ್ರೆ ಸಪ್ಪಳವಾದರೆ ಒಳಗಿನಿಂದಲೇ ಬೈಯುವಳು. ಎಡಗಡೆ ಸ್ಟೇಷನ್ನಿನ ಹಮಾಲ, ಯಾದಗಿರಿ ಕಡೆಯವನು. ಅವನು ಬಂದಾಗಲೇ ಬೆಳಗು, ಮಲಗಿದಾಗಲೇ ರಾತ್ರಿ. ಎದುರಿಗೆ ಕ್ಯಾಂಪಿನ ದೊಡ್ಡ ಮನೆಗಳ ಬಟ್ಟೆ ಇಸ್ತ್ರಿ ಮಾಡುವವನು. ಆಚೆ ಮದುವೆಗಳಲ್ಲಿ ಬ್ಯಾಂಡು ಬಾರಿಸುವ ಅಣ್ಣತಮ್ಮಂದಿರು. ಕೆಲಸವಿಲ್ಲದ ದಿನ ಅವರು ಮನೆಯಲ್ಲೇ ಕುಳಿತು ತುತ್ತೂರಿ ಊದಿ ನಮ್ಮ ಜೀವ ತೆಗೆಯುತ್ತಿದ್ದರು.

ನನ್ನ ತಂಗಿ ನದಿಯ ಆಚೆ ದಂಡೆಯ ಒಂದು ವಸ್ತಿಯಲ್ಲಿದ್ದಳು. ಅಲ್ಲಿ ಮನೆಮನೆಯವರೂ ಒಂದೇ ಬಟ್ಟೆ ಗಿರಣಿಗೆ ಹೋಗುವವರು. ಒಟ್ಟಿಗೆ ಎದ್ದು ಒಟ್ಟಿಗೆ ಮಲಗುವ ವಸ್ತಿ. ನಮ್ಮಲ್ಲಿಗೆ ಬಂದಾಗ ಮೂಗು ಮುರಿಯುತ್ತಿದ್ದಳು.

"ಏನಬೇ ಅಕ್ಕ, ಇದು ಗಲ್ಲಿ ಏನು ಸಂತಿ? ಒಬ್ಬಾಕಿ ಹಗಲಿ ಮಲಗ್ತಾಳ, ಒಬ್ಬಾಂವ ಹಗಲಿ ಊದ್ತಾನ!"

ನನಗೂ ಹಾಗೇ ಅನಿಸುತ್ತಿತ್ತು.

ನಾವು ಪುಣೆಗೆ ಬಂದದ್ದು ಸ್ಲ್ಯಾಬ್ ಹಾಕುವ ಕೆಲಸಕ್ಕೆ. ಕೂಲಿಯಾಳುಗಳ ಮುಕಾದಮ ಊರಿನಿಂದ ಜೋಡಿ ಜೋಡಿಯಾಗಿ ಕರೆತರುತ್ತಿದ್ದ. ಗಂಡ ಕಲಸಿ ತುಂಬಬೇಕು, ಹೆಂಡತಿ ಬುಟ್ಟಿ ಹೊತ್ತು ಮೇಲೆ ಹತ್ತಬೇಕು. ಜೋಡಿ ಇಲ್ಲದವರಿಗೆ ಜೋಪಡಿ ಇಲ್ಲ. ಗಂಡ ಬಿದ್ದು ಸೊಂಟ ಹೋದ ವಾರವೇ ಮುಕಾದಮ ಜಾಗ ಬಿಡಲು ಹೇಳಿದ. ಕೆಟ್ಟವನೇನಲ್ಲ, ಪದ್ಧತಿ ಹಾಗೆ. ಹಂಚು, ಹಿಟ್ಟು ಕಲಸುವ ಪರಾತ ತಲೆಯ ಮೇಲೆ ಹೊತ್ತು ಈ ಗಲ್ಲಿಗೆ ಬಂದೆ. ಒಲೆ ಹೂಡಿದೆ. ಆ ಒಲೆ ಆರಿದರೆ ನಮಗೆ ಇದ್ದದ್ದು ಒಂದೇ ದಾರಿ, ಊರಿನಲ್ಲಿ ನನ್ನ ಮೈದುನನ ಮನೆಯ ಪಡಸಾಲೆ. ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಬರೆಯುವುದು ಏನೂ ಇಲ್ಲ. ಆದರೆ ದುಡಿಯಲಾರದ ಗಂಡ, ಮಕ್ಕಳಿಲ್ಲದ ಹೆಂಡತಿ ಇನ್ನೊಬ್ಬರ ಪಡಸಾಲೆಯಲ್ಲಿ ಕುಳಿತರೆ ತಾಟಿಗೆ ಏನು ಬೀಳುತ್ತದೆ, ಅದರ ಜೊತೆ ಯಾವ ಮಾತು ಬೀಳುತ್ತದೆ ಎಂದು ನಾನು ನೋಡಿದ್ದೆ.

ಮೊದಲು ಮುಚ್ಚಿದ್ದು ತಂಗಿಯ ಕಡೆಯ ಬಟ್ಟೆ ಗಿರಣಿ. ನೋಡಲು ಹೋಗಿದ್ದೆ. ಒಂದೆರಡು ತಿಂಗಳಲ್ಲಿ ಆ ವಸ್ತಿ ಎಂಥದಾಗಿತ್ತು! ಚಹಾದಂಗಡಿಯವನು ನೀರು ಕಾಯಿಸುವ ಬಂಬು ಆರಿಸಿ ಹೋಗಿದ್ದ. ದರ್ಜಿ ಹೊಲಿಗೆ ಯಂತ್ರ ಮಾರಿದ್ದ. ಹಾಲಿನವನು ಅತ್ತ ತಿರುಗುತ್ತಿರಲಿಲ್ಲ. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಾಯಿ ಮಲಗಿತ್ತು. ಭಿಕ್ಷೆಗೆ ಬರುವ ಮುದುಕನೂ ದಾರಿ ಬದಲಿಸಿದ್ದ. ಎಲ್ಲರ ಕೈಯೂ ಒಂದೇ ದಿನ ಖಾಲಿಯಾದರೆ ಯಾರು ಯಾರ ಹತ್ತಿರ ಕೊಳ್ಳಬೇಕು? ತಂಗಿ, ಅವಳ ಗಂಡ ಗಂಟು ಕಟ್ಟಿ ಕುಳಿತಿದ್ದರು. ಬಾರಾಮತಿಯ ಕಡೆ ಕಬ್ಬು ಕಡಿಯಲು ಹೊರಟಿದ್ದರು.

"ನಿಮ್ಮ ಕಾರ್ಖಾನಿ ಗಟ್ಟಿ ಅದ ಇಲ್ಲ?" ಎಂದು ಕೇಳಿದಳು.

"ಅದಕ್ಕೇನಾಗ್ತದ" ಎಂದೆ.

ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಭೋಂಗಾ ಕೂಗಲಿಲ್ಲ. ಹಿಟ್ಟು ಕಲಸಿ ಕಾದೆ. ಬೆಳಕು ಹರಿದ ಮೇಲೆ ನನ್ನ ಗಿರಾಕಿಯೊಬ್ಬ ಖಾಲಿ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಗೇಟಿನಿಂದ ವಾಪಸು ಬಂದ. "ಕೀಲಿ ಹಾಕ್ಯಾರ ಯಕ್ಕ. ಮಾಲಕರಿಗೂ ಯೂನಿಯನ್ನಿಗೂ ಕೆಟ್ಟದ" ಎಂದ. ಮೊದಲ ವಾರ ಗಂಡಸರು ಗೇಟಿನ ಮುಂದೆ ಕುಳಿತು ಘೋಷಣೆ ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಊರಿನ ಗಾಡಿ ಹತ್ತಿದರು. ನಾನು ಬಡಿಯುವ ರೊಟ್ಟಿ ದಿನದಿನಕ್ಕೆ ಇಳಿಯುತ್ತ ಕೊನೆಗೆ ನಮ್ಮಿಬ್ಬರಿಗೆ ಆಗುವಷ್ಟಕ್ಕೆ ನಿಂತಿತು.

ಇನ್ನು ಈ ಗಲ್ಲಿಯೂ ತಂಗಿಯ ವಸ್ತಿಯ ಹಾಗೆ ಬೀಳುತ್ತದೆ ಎಂದು ಕಾಯುತ್ತ ಕುಳಿತೆ. ಮೊದಲು ಚಹಾದವನು ಹೋಗಬೇಕು, ಆಮೇಲೆ ಹಾಲಿನವನು. ದಿನಾ ಬಾಗಿಲಲ್ಲಿ ಕುಳಿತು ನೋಡುತ್ತಿದ್ದೆ. ಚಹಾದವನು ಹೋಗಲಿಲ್ಲ. ಹಾಲಿನವನು ಬಂದ. ಇಸ್ತ್ರಿಯವನ ಕೆಂಡ ಹಾಗೇ ಉರಿಯುತ್ತಿತ್ತು. ಲಗ್ನದ ದಿನಗಳಾದ್ದರಿಂದ ಬ್ಯಾಂಡಿನವರು ಹೊಸ ಟೊಪ್ಪಿಗೆ ಹೊಲಿಸಿಕೊಂಡರು. ಕಾರ್ಖಾನೆಗೆ ಹೋಗುತ್ತಿದ್ದವರ ಮನೆಗಳಲ್ಲಿ ಮಾತ್ರ ಹೆಂಗಸರು ಸಣ್ಣ ಮುಖ ಮಾಡಿ ತಿರುಗುತ್ತಿದ್ದರು. ನನಗೆ ಸಿಟ್ಟೇ ಬಂತು. ಬೀಳುವುದಿದ್ದರೆ ಬಿದ್ದು ಹೋಗಬಾರದೆ? ಇವತ್ತಲ್ಲ ನಾಳೆ ಬಿದ್ದೇ ಬೀಳುತ್ತದೆ, ಅಷ್ಟರೊಳಗೆ ನಾವಾಗಿ ಹೊರಡುವುದು ಮರ್ಯಾದೆ ಎಂದು ಗಂಡನಿಗೆ ಹೇಳಿದೆ.

"ನಿನಗ ತಿಳಿದಂಗ ಮಾಡು" ಎಂದು ಅವರು ಗೋಡೆಯ ಕಡೆ ತಿರುಗಿದರು.

ನಮ್ಮ ಕಡೆ ದೂರ ಹೊರಟರೆ ಖಡಕ್ ರೊಟ್ಟಿ ಬಡಿಯುತ್ತಾರೆ. ಹಾಳೆಯಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ತಿಂಗಳು ಇಟ್ಟರೂ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಂದರೆ ಕುಟ್ಟಿದ ಚಟ್ನಿಪುಡಿ. ಮೈದುನನ ಮನೆಗೆ ಬರಿಗೈಲಿ ಹೋಗಿ ಮೊದಲ ದಿನವೇ ಅವರ ಹಿಟ್ಟಿಗೆ ಕೈ ಹಾಕಬಾರದು ಎಂಬ ಹಟ ನನ್ನದು. ಮನೆಯಲ್ಲಿದ್ದ ಜೋಳವನ್ನೆಲ್ಲ ಬೀಸಿಸಿ ತಂದು ಮಧ್ಯಾಹ್ನ ಬಡಿಯಲು ಕುಳಿತೆ. ಪಾತ್ರೆಗಳನ್ನು ಹಿಂದಿನ ದಿನವೇ ಗೋಣಿಚೀಲಕ್ಕೆ ತುಂಬಿದ್ದೆ. ಹೊರಗೆ ಉಳಿದದ್ದು ಹಂಚು, ಪರಾತ, ನಾನು.

ಅರ್ಧ ಆಗಿರಬೇಕು, ಬಲಗಡೆಯ ಆಯಾ ಕೂದಲು ಕೆದರಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಸಪ್ಪಳಕ್ಕೆ ಬೈಯಲು ಬಂದಳು ಎಂದುಕೊಂಡೆ.

"ಕಾಯ್ ಗ, ಗಾವಾಲಾ ನಿಘಾಲೀಸ?" ಎಂದಳು. ಊರಿಗೆ ಹೊರಟೆಯಾ ಎಂದು.

"ನಿಮಗ್ಯಾರು ಹೇಳಿದ್ರು ಮಾವಶಿ?"

"ಯಾರ್ ಹೇಳಬೇಕು? ಸೊಲ್ಲಾಪುರದಾಗ ಹುಟ್ಟೀನಿ ನಾ. ನಡು ಮಧ್ಯಾಹ್ನ ತಾಸಗಟ್ಲೆ ರೊಟ್ಟಿ ಬಡಿದ್ರ ಆ ಮನಿ ಮಂದಿ ಗಾಡಿ ಹತ್ತತಾರಂತ ಗೊತ್ತಾಗೂದಿಲ್ಲೇನು ನನಗ?"

ಒಳಗೆ ಬಂದು ರೊಟ್ಟಿಯ ಸಾಲಿನ ಮುಂದೆ ಕುಕ್ಕರಿಸಿದಳು. ಒಂದನ್ನು ಕೇಳದೆ ಮುರಿದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಅಗಿದಳು.

"ದವಾಖಾನಿ ಅಂಗಳದಾಗ ನಿಮ್ಮ ಕಡೀ ಮಂದಿ ಎಷ್ಟು ಬಿದ್ದಿರ್ತಾರ ಗೊತ್ತದೇನು? ಪೇಷಂಟ್ ಒಳಗ, ಇವರು ಗಿಡದ ಬುಡಕ. ಬ್ರೆಡ್ಡು ಪಾವು ತಿಂದು ತಿಂದು ನಾಲಗಿ ಸತ್ತದ ಅಂತಾರ. ಇದನ್ನ ಕೊಡು, ಸಂಜೀ ಡ್ಯೂಟಿಗೆ ಒಯ್ತೀನಿ."

"ಇದು ಬುತ್ತಿ ಮಾವಶಿ, ಮಾರೂದಲ್ಲ."

"ಮೊದಲ ಕೇಳಿದಾಗೂ ಇಲ್ಲ ಅಂದಿದ್ದಿ. ಆವಾಗ ಭೋಂಗಾದ ಸೊಕ್ಕು ಇತ್ತು. ಈಗೇನದ?"

ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಅಷ್ಟರಲ್ಲಿ ಹಮಾಲ ಬಂದ, ಕೆಂಪು ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವನಿಗೆ ಆಯಾ ವಿಷಯ ಹೇಳಿದಳು. ಅವನು ರೊಟ್ಟಿಯನ್ನು ಉಗುರಿನಿಂದ ತಟ್ಟಿ ನೋಡಿದ, ಗಡಿಗೆ ತಟ್ಟಿ ನೋಡುವ ಹಾಗೆ.

"ಯಕ್ಕ, ಗೂಡ್ಸ್ ಗಾಡಿ ಗಾರ್ಡು, ಡ್ರೈವರು ಮಂದಿ ಇದನ್ನ ಬಿಡ್ತಾರೇನು? ದೌಂಡ ಸ್ಟೇಷನ್ನಿನ ಹೊರಗ ಸಿಗ್ನಲ್ ಸಿಗದ ಅರ್ಧ ದಿನ ನಿಂತಿರ್ತಾವ ಗಾಡಿ. ಡಬ್ಬಿದಾಗಿನ ಅನ್ನ ಹಳಸಿ ಹೋಗ್ತದ. ಇದರ ಜೋಡಿ ಶೇಂಗಾ ಹಿಂಡಿ ಇದ್ರ ಮುಗೀತು."

"ಶೇಂಗಾ ಹಿಂಡಿ ಅದ" ಎಂದು ಒಳಗಿನಿಂದ ನನ್ನ ಗಂಡನ ದನಿ ಬಂತು. ಅಷ್ಟು ದಿನದಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು.

ಸಂಜೆಯ ಹೊತ್ತಿಗೆ ಆಯಾ ಒಂದು ಗಂಟು ಒಯ್ದಳು, ಹಮಾಲ ಒಂದು ಗಂಟು ಒಯ್ದ. ಹಮಾಲ ಕತ್ತಲಾಗುವ ಮೊದಲೇ ಖಾಲಿ ಬಟ್ಟೆ ಬೀಸುತ್ತ ವಾಪಸು ಬಂದ. "ಸೊಲ್ಲಾಪುರ ಗಾಡಿ ಗಾರ್ಡು ನಾಳೆ ಮತ್ತ ಬೇಕು ಅಂದಾನ, ಹಿಂಡಿಗೆ ಬಳ್ಳೊಳ್ಳಿ ಇನ್ನಷ್ಟು ಹಾಕಂದಾನ" ಎಂದ.

ಗಂಡ ಎದ್ದು ಗೋಡೆಗೆ ಆತು ಕುಳಿತರು. "ಬುತ್ತೀನೇ ಮಾರಿ ಕುಂತಿ. ಇನ್ನ ದಾರ್ಯಾಗ ಏನು ತಿನ್ನೂದು, ನನ್ನ ತಲೀನಾ?"

"ದಾರೀನೇ ಇಲ್ಲ ಬಿಡ್ರಿ ಈಗ" ಎಂದೆ. ಇಬ್ಬರೂ ನಕ್ಕೆವು. ನಗುವಾಗ ಅವರಿಗೆ ಸೊಂಟ ಹಿಡಿದು, ಅಯ್ಯಯ್ಯೋ ಎನ್ನುತ್ತಲೇ ನಕ್ಕರು.

ಜೋಳ ತರಲು ಮೂಲೆಯ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವರು ಬಿಜಾಪುರ ಕಡೆಯ ಸಾವಕಾರರು, ಮಾತು ಕಡಿಮೆ. ಅವತ್ತು ನಾನೇ ಕೇಳಿದೆ.

"ಸಾವಕಾರ್ರ, ಕಾರ್ಖಾನಿ ಮುಚ್ಚಿ ಇಷ್ಟು ದಿನಾತು, ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಬಂದಿತ್ತವ್ವ. ಸಕ್ಕರಿ ಚೀಲ ಒಂದು ಕಡಿಮಿ ತಂದೆ." ತಕ್ಕಡಿಯ ಮುಳ್ಳು ನೋಡುತ್ತಲೇ ಮತ್ತೆ ಹೇಳಿದರು. "ರೈಲಿನವರು ಮುಷ್ಕರ ಮಾಡಿದಾಗ ಈ ಹಮಾಲ ಬೆಲ್ಲ ಒಯ್ಯೂದು ಬಿಟ್ಟಿದ್ದ. ಆವಾಗ ಕಾರ್ಖಾನಿ ಮಂದಿ ಒಯ್ದರು. ಮಳಿಗಾಲದಾಗ ಬ್ಯಾಂಡಿನವರು ಬರೂದಿಲ್ಲ. ಆವಾಗ ದವಾಖಾನಿಯವರ ಗದ್ದಲ. ಎಲ್ಲಾರೂ ಒಮ್ಮೆ ಕೈಕಟ್ಟಿ ಕುಂತದ್ದು ನಾ ಇನ್ನೂ ನೋಡಿಲ್ಲ. ನೋಡಿದ ದಿನ ನಾನೂ ಬಾಗಿಲಾ ಹಾಕ್ತೀನಿ. ನೀ ಯಾಕ ಊರಿಗೆ ಹೋಗಾಕ ಅಷ್ಟು ಅವಸರ ಮಾಡಿದಿ?"

ನನ್ನ ಕಣ್ಣು ಆ ಗೇಟಿನ ಮೇಲಿತ್ತು. ಗೇಟಿಗೆ ಕೀಲಿ ಬಿತ್ತು, ಊರಿಗೇ ಕೀಲಿ ಬಿತ್ತು ಅಂದುಕೊಂಡೆ. ಹಗಲು ಮಲಗುವವಳು, ಹೊತ್ತಿಲ್ಲದೆ ಬರುವವನು, ಊದುವವರು, ಇವರೆಲ್ಲ ನನ್ನ ಪಾಲಿಗೆ ಬರೀ ಸಪ್ಪಳವಾಗಿದ್ದರು. ಕಾರ್ಖಾನೆ ನಿಂತಾಗ ಚಹಾದಂಗಡಿಯ ಬಂಬು ಕಾಯಿಸಿದವರು ಅವರೇ. ಒಬ್ಬರ ಹೊತ್ತು ಇನ್ನೊಬ್ಬರಿಗೆ ಇರಲಿಲ್ಲ, ಅದಕ್ಕೇ ಕೆಟ್ಟ ಹೊತ್ತೂ ಎಲ್ಲರಿಗೂ ಒಂದೇ ಸಲ ಬರಲಿಲ್ಲ. ನನ್ನ ತಂಗಿಯ ವಸ್ತಿಯವರು ನಮಗಿಂತ ಹೆಚ್ಚು ದುಡಿಯುವವರು, ಹೆಚ್ಚು ಒಗ್ಗಟ್ಟಿನವರು. ತಪ್ಪು ಅವರದಲ್ಲ. ಎಲ್ಲರೂ ಒಂದೇ ಗೇಟಿನೊಳಗೆ ಹೋಗುತ್ತಿದ್ದರು, ಅಷ್ಟೇ.

ಎಲ್ಲರೂ ಉಳಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದವನೊಬ್ಬ ಬಾರಾಮತಿಯ ಸಕ್ಕರೆ ಕಾರ್ಖಾನೆಗೆ ಸೇರಲು ಮನೆ ಸಮೇತ ಹೋದ. ಅವನ ಹೆಂಡತಿ ಹೋಗುವಾಗ ತುಳಸಿ ಕುಂಡವನ್ನು ನನಗೆ ಕೊಟ್ಟು ಹೋದಳು, ನಾನು ನೀರು ಹಾಕುವುದು ಮರೆತು ಅದು ಒಣಗಿತು. ಮಳೆಗಾಲ ಕಳೆದ ಮೇಲೆ ಕಾರ್ಖಾನೆ ತೆರೆಯಿತು. ಒಳಗೆ ಹೋದವರು ಮೊದಲಿಗಿಂತ ಕಡಿಮೆ. ಭೋಂಗಾ ಮತ್ತೆ ಕೂಗಿತು. ನನ್ನ ಹಳೆಯ ಗಿರಾಕಿಗಳು ಡಬ್ಬಿ ಹಿಡಿದು ಬಂದರು. ಕೊಟ್ಟೆ. ಆದರೆ ಅವರೊಬ್ಬರಿಗೇ ಒಲೆ ಹೊತ್ತಿಸುವುದನ್ನು ಬಿಟ್ಟಿದ್ದೆ. ಬೆಳಿಗ್ಗೆ ಅವರಿಗೆ ಬಿಸಿ ರೊಟ್ಟಿ, ಮಧ್ಯಾಹ್ನ ಸ್ಟೇಷನ್ನಿಗೂ ದವಾಖಾನೆಗೂ ಖಡಕ್. ಹಿಂಡಿ ಕುಟ್ಟುವ ಕೆಲಸ ಕುಳಿತಲ್ಲೇ ಆಗುವಂಥದು, ಅದನ್ನು ನನ್ನ ಗಂಡ ಹಿಡಿದರು. ಕೊನೆಯವರೆಗೂ ಅದು ಅವರದೇ ಕೆಲಸ. ಬಳ್ಳೊಳ್ಳಿ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಬುತ್ತಿ ಖಾಲಿಯಾದ ಆ ಸಂಜೆ ಸಾವಕಾರರ ಅಂಗಡಿಯಿಂದ ಜೋಳದ ಚೀಲ ಹೊತ್ತು ತಂದು ಮನೆಯಲ್ಲಿ ಇಳಿಸಿದೆ. ಎದೆಯ ಮೇಲೆ ಯಾರೋ ಕುಳಿತಿದ್ದವರು ಎದ್ದು ಹೋದ ಹಾಗಿತ್ತು. ಬ್ಯಾಂಡಿನವರು ಯಾವುದೋ ಮೆರವಣಿಗೆ ಮುಗಿಸಿ ಬಂದು ಬಾಗಿಲಲ್ಲಿ ಕುಳಿತು ಊದುತ್ತಿದ್ದರು, ಸ್ವರ ತಪ್ಪಿಸಿ. ಊದಲಿ ಬಿಡು ಎಂದುಕೊಂಡೆ. ಆ ಸಪ್ಪಳದಲ್ಲೇ ನನಗೆ ನಿದ್ದೆ ಹತ್ತಿತು.

ಮರುದಿನ ಬೆಳಿಗ್ಗೆ ಎಬ್ಬಿಸಲು ಭೋಂಗಾ ಇರಲಿಲ್ಲ. ಪಾಳಿ ಮುಗಿಸಿ ಬಂದ ಆಯಾಳ ಚಪ್ಪಲಿ ಸಪ್ಪಳಕ್ಕೆ ಎದ್ದೆ. ಗೋಣಿಚೀಲದ ಬಾಯಿ ಬಿಚ್ಚಿ ಪಾತ್ರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಡಿನಲ್ಲಿಟ್ಟೆ, ಆಕೆ ಈಗಷ್ಟೇ ಮಲಗಿದ್ದಾಳೆ ಎಂದು ಸಪ್ಪಳವಾಗದ ಹಾಗೆ. ಆಮೇಲೆ ಜೋಳ ಕೇರಿ, ತಲೆಯ ಮೇಲೆ ಹೊತ್ತು, ಹಿಟ್ಟಿನ ಗಿರಣಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆ.